ಇವತ್ತು ಎಷ್ಟು ನೀರು ಕುಡಿದೆ?

(ಕೊಡಗಿನ ಕುಶಾಲನಗರದಲ್ಲಿ ಮಹಿಳಾ ಸಂಘಗಳು ಸೇರಿ ನಡೆಸಿದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಡೆದದ್ದು. ನಮ್ಮಮ್ಮ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗುತ್ತಿದ್ದರು. ನಾವಿದ್ದದ್ದು ಅಲ್ಲಿಯದೇ ಲೈನ್ ಮನೆಯಲ್ಲಿ, ಅಂದರೆ ಕೆಲಸಗಾರರ ಸಾಲು ಮನೆಯಲ್ಲಿ. ಕೊಯ್ಲಿನ ಕಾಲ. ಸಂಜೆ ಹಣ್ಣು ತೂಕ ಹಾಕುವ ಹೊತ್ತಿಗೆ ಒಂದು ಜೀಪು ಬಂತು. ಲೇಬರ್ ಆಫೀಸರು ಬಂದಿದ್ದಾರೆ ಅಂದರು. ಒಳ್ಳೆಯ ಮನುಷ್ಯರೇ ಇರಬೇಕು, ಮೆತ್ತಗೆ ಮಾತಾಡಿಸಿದರು. "ಏನಮ್ಮಾ, ಕೂಲಿ ಸರಿಯಾಗಿ ಕೊಡ್ತಾರಾ? ತೂಕದಲ್ಲೇನೂ ತೊಂದರೆ ಇಲ್ವಾ?" ಅಂತ ಕೇಳಿದರು. ಅವರ ಒಂದು ಪಕ್ಕಕ್ಕೆ ತೋಟದ ಲೆಕ್ಕ ಬರೆಯುವ ರೈಟರು, ಇನ್ನೊಂದು ಪಕ್ಕಕ್ಕೆ ಮೇಸ್ತ್ರಿ. ಅಮ್ಮ ಸೆರಗು ಸರಿ ಮಾಡಿಕೊಂಡು, "ಏನೂ ತೊಂದರೆ ಇಲ್ಲ ಸಾರ್" ಅಂದರು. ಹಿಂದೆ ನಿಂತಿದ್ದ ಹನ್ನೆರಡು ಹೆಂಗಸರೂ ಅದನ್ನೇ ಹೇಳಿದರು.

ಹಿಂದಿನ ರಾತ್ರಿಯಷ್ಟೇ ಇಡೀ ಲೈನಿನಲ್ಲಿ ಅದೇ ಮಾತಾಗಿತ್ತು. ಚೀಲದ ಲೆಕ್ಕ ಅಂತ ಹೇಳಿ ಒಂದೊಂದು ಮೂಟೆಗೆ ಎರಡು ಕೆಜಿ ಕಳೀತಾರೆ ಅಂತ. ಜೀಪು ಹೋದ ಮೇಲೆ ಮನೆಗೆ ಬಂದು ಅಮ್ಮನನ್ನು ಕೇಳಿದೆ, "ಯಾಕಮ್ಮ ಸುಳ್ಳು ಹೇಳ್ದೆ?" ಅಮ್ಮ ಒಲೆಗೆ ಸೌದೆ ತಳ್ಳುತ್ತಾ ಹೇಳಿದರು: "ಅವ್ರು ಜೀಪಲ್ಲಿ ಹೋಗ್ತಾರೆ. ನಾವು ಇಲ್ಲೇ ಇರ್ತೀವಿ."

ದೊಡ್ಡವಳಾದ ಮೇಲೆ ಗಾರ್ಮೆಂಟ್ಸ್‌ನಲ್ಲಿ, ಅಂದರೆ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ, ಹನ್ನೊಂದು ವರ್ಷ ಕಾಲರ್ ಹೊಲಿದೆ. ಆಮೇಲೆ ಕೆಲಸಗಾರರ ಮಾತು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಸೇರಿದೆ. ಇವತ್ತಿಗೂ ಒಂದೊಂದು ಪ್ರಶ್ನೆ ಬರೆಯುವಾಗಲೂ ಅಮ್ಮನ ಆ ಮಾತು ನೆನಪಾಗುತ್ತದೆ. ಕೇಳುವವರು ಹೊರಟು ಹೋಗುತ್ತಾರೆ. ಹೇಳಿದವಳು ಮಾರನೇ ದಿನವೂ ಅದೇ ಮೆಷಿನ್ ಮುಂದೆ ಕೂರಬೇಕು.

ಆಗಲೇ ಕೇಳಿದಾಗ ಇಲ್ಲಿ ಸುಮಾರು ಅರ್ಧದಷ್ಟು ಕೈ ಎದ್ದವು. ಅಷ್ಟು ಜನರ ಮನೆಯಿಂದ ಮಗಳೋ, ಸೊಸೆಯೋ, ತಂಗಿಯೋ ಮೈಸೂರಿನ ಕಡೆಗೋ ಬೆಂಗಳೂರಿಗೋ ಗಾರ್ಮೆಂಟ್ಸ್‌ಗೆ ಹೋಗಿದ್ದಾರೆ. ಹಾಗಾಗಿ ಇದು ದೂರದ ಊರಿನ ವಿಷಯ ಅಲ್ಲ. ಅವರು ಹೊಲಿಯುವ ಶರ್ಟು ಅಮೆರಿಕಕ್ಕೋ ಯೂರೋಪಿಗೋ ಹೋಗುತ್ತದೆ. ಅದನ್ನು ಕೊಳ್ಳುವ ದೊಡ್ಡ ಕಂಪನಿಗಳಿಗೆ ಗಾರ್ಮೆಂಟ್ಸ್‌ನಲ್ಲಿ 'ಬಯರ್' ಅನ್ನುತ್ತಾರೆ. ಕಾರ್ಖಾನೆಯೊಳಗೆ ಎಲ್ಲ ಸರಿ ಇದೆಯಾ ಅಂತ ನೋಡಲು ಬಯರ್ ಕಡೆಯಿಂದ ಆಡಿಟ್‌ನವರು ಬರುತ್ತಾರೆ. ನಿಮಗೆ ಇದು ಹೊಸದಲ್ಲ. ನಮ್ಮ ಕಾಫಿ ತೋಟಗಳಿಗೂ ಸರ್ಟಿಫಿಕೇಟ್‌ನವರು ಬರುತ್ತಾರಲ್ಲ, ಗೇಟಿನ ಹತ್ತಿರ ಹಸಿರು ಕಪ್ಪೆಯ ಚಿತ್ರದ ಬೋರ್ಡ್ ಇರುತ್ತದಲ್ಲ, ಅದೇ ಥರ.

ಆಡಿಟ್ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ನಾನು ನೋಡಿದ್ದು. ಎರಡು ದಿನ ಮುಂಚೆಯೇ ಗೊತ್ತಾಗುತ್ತದೆ, ಯಾಕೆಂದರೆ ಬಾತ್‌ರೂಮಿನಲ್ಲಿ ಸೋಪು ಬರುತ್ತದೆ. ನಡುವೆ ದಾರಿಗೆ ಅಡ್ಡ ಇಟ್ಟಿದ್ದ ಬಂಡಲ್‌ಗಳೆಲ್ಲ ಗೋಡೌನಿಗೆ ಹೋಗುತ್ತವೆ. ಹಳದಿ ಗೆರೆಗೆ ಹೊಸ ಬಣ್ಣ. ಮೆಷಿನ್‌ಗಳಿಗೆ ನೀಡಲ್ ಗಾರ್ಡ್ ಹಾಕುತ್ತಾರೆ, ಮೂಗಿಗೆ ಮಾಸ್ಕ್ ಕೊಡುತ್ತಾರೆ. ಬೆಳಗ್ಗೆ ಮೈಕಿನಲ್ಲಿ ಹೇಳುತ್ತಾರೆ: ಯಾರಾದರೂ ಕೇಳಿದರೆ ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಇಲ್ಲ ಅನ್ನಿ, ಮಾಡಿದ ಓಟಿಗೆ ಡಬಲ್ ಕೊಡ್ತಾರೆ ಅನ್ನಿ. ಎರಡೂ ಒಟ್ಟಿಗೆ ನಿಜ ಆಗೋದಕ್ಕೆ ಸಾಧ್ಯ ಇಲ್ಲ ಅಂತ ನಮಗೂ ಗೊತ್ತು. ಆದರೂ ಹೇಳುತ್ತಿದ್ದೆವು. ಎಚ್.ಆರ್., ಅಂದರೆ ಕಾರ್ಖಾನೆಯ ಸಿಬ್ಬಂದಿ ವಿಭಾಗದವರು, ಕೊಟ್ಟ ಪಟ್ಟಿಯಲ್ಲಿದ್ದ ಹದಿನೈದು ಜನರನ್ನು ಆಡಿಟ್‌ನವರು ಒಂದು ಕೋಣೆಗೆ ಕರೆಯುತ್ತಿದ್ದರು. ಗಾಜಿನ ಬಾಗಿಲು. ಯಾರು ಎಷ್ಟು ಹೊತ್ತು ಒಳಗಿದ್ದರು ಅನ್ನುವುದು ಇಡೀ ಫ್ಲೋರಿಗೆ ಕಾಣುತ್ತದೆ. ಬೇಗ ಬಂದವಳು ಒಳ್ಳೆಯವಳು. ಇಪ್ಪತ್ತು ನಿಮಿಷ ಕೂತವಳ ಮೇಲೆ ಸೂಪರ್‌ವೈಸರ್‌ಗೆ ಅನುಮಾನ.

ಬರೀ ಹೆದರಿಕೆಯಿಂದಲ್ಲ ಹಾಗೆ ಹೇಳುತ್ತಿದ್ದದ್ದು. ಆಡಿಟ್ ಫೇಲ್ ಆದರೆ ಆರ್ಡರ್ ಹೋಗುತ್ತದೆ, ಆರ್ಡರ್ ಹೋದರೆ ನಮ್ಮ ಕೆಲಸ ಹೋಗುತ್ತದೆ. ಇದು ನಿಜವೂ ಹೌದು. ತನ್ನ ಮೇಲಿನ ಅನ್ಯಾಯವನ್ನು ಮುಚ್ಚಿಟ್ಟು ತನ್ನ ಅನ್ನ ಉಳಿಸಿಕೊಳ್ಳಬೇಕಾದ ಪರಿಸ್ಥಿತಿ ಅದು. ಆ ಹುಡುಗಿಯರನ್ನು ಸುಳ್ಳು ಹೇಳಿದಳು ಅಂತ ಬೈಯಬೇಡಿ.

ಹೀಗೆ ನೋಡಿ ಹೋದರೆ ಏನಾಗುತ್ತದೆ? 2012ರ ಸೆಪ್ಟೆಂಬರ್ 11ರಂದು ಪಾಕಿಸ್ತಾನದ ಕರಾಚಿಯಲ್ಲಿ ಒಂದು ಗಾರ್ಮೆಂಟ್ಸ್‌ಗೆ ಬೆಂಕಿ ಬಿತ್ತು. 250ಕ್ಕೂ ಹೆಚ್ಚು ಜನ ಸತ್ತರು. ಕಿಟಕಿಗೆ ಕಂಬಿ, ಬಾಗಿಲಿಗೆ ಬೀಗ. ಅದಕ್ಕೆ ಕೆಲವೇ ವಾರ ಮುಂಚೆ ಆ ಕಾರ್ಖಾನೆಗೆ 'ಎಸ್‌ಎ 8000' ಅನ್ನುವ ಸರ್ಟಿಫಿಕೇಟ್ ಸಿಕ್ಕಿತ್ತು. ಕೆಲಸಗಾರರ ಸುರಕ್ಷತೆ, ಹಕ್ಕು ಎಲ್ಲ ಸರಿ ಇದೆ ಅಂತ ಹೇಳುವ ಸರ್ಟಿಫಿಕೇಟ್ ಅದು. ಬಾಗಿಲಿಗೆ ಬೀಗ ಹಾಕುತ್ತಾರೆ ಅನ್ನುವುದು ಒಳಗಿದ್ದ ಒಬ್ಬೊಬ್ಬರಿಗೂ ಗೊತ್ತಿತ್ತು.

ಮುಂದಿನ ವರ್ಷ, 2013ರ ಏಪ್ರಿಲ್ 24. ಬಾಂಗ್ಲಾದೇಶದ ಢಾಕಾ ಪಕ್ಕದ ಸಾವಾರ್‌ನಲ್ಲಿ ರಾಣಾ ಪ್ಲಾಜಾ ಅನ್ನುವ ಎಂಟು ಮಹಡಿಯ ಕಟ್ಟಡ ಕುಸಿಯಿತು. 1,134 ಜನ ಸತ್ತರು. ಹಿಂದಿನ ದಿನವೇ ಗೋಡೆ, ಕಂಬಗಳಲ್ಲಿ ಬಿರುಕು ಕಂಡಿತ್ತು. ಕೆಳಗಿದ್ದ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಮೇಲಿದ್ದ ಗಾರ್ಮೆಂಟ್ಸ್‌ನವರನ್ನು ಮಾತ್ರ ಮಾರನೇ ಬೆಳಗ್ಗೆ ಒಳಗೆ ಕಳಿಸಿದರು. ಒಳಗೆ ಹೋಗಲು ಹೆದರಿ ನಿಂತವರಿಗೆ ಸಂಬಳ ಹಿಡಿಯುತ್ತೇವೆ ಅಂದರು. ಅಲ್ಲಿನ ಕೆಲವು ಕಾರ್ಖಾನೆಗಳಿಗೂ ಆಡಿಟ್ ಆಗಿತ್ತು.

ಇದನ್ನು ಹೇಳುವಾಗ ನನಗೆ ನಮ್ಮ ಊರಿನದ್ದು ನೆನಪಾಗುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿಯಿತಲ್ಲ, ಆಗ ಮಕ್ಕಂದೂರಿನ ಕಡೆಯ ನಮ್ಮ ನೆಂಟರು ಅಂಗಳದಲ್ಲಿ ಒಂದು ಗೆರೆಯಷ್ಟು ಬಿರುಕು ನೋಡಿ, ದನ ಬಿಚ್ಚಿ, ಮನೆ ಬಿಟ್ಟು ಬಂದರು. ಬಿರುಕು ಮೊದಲು ಕಾಣುವುದು ಅಲ್ಲೇ ಇರುವವರಿಗೆ, ಅಲ್ವಾ? ನಮ್ಮ ನೆಂಟರಿಗೆ ಮನೆಯೊಳಗೇ ಇರಿ ಅನ್ನುವವರು ಯಾರೂ ಇರಲಿಲ್ಲ. ಸಾವಾರ್‌ನ ಹೆಣ್ಣುಮಕ್ಕಳಿಗೆ ಇದ್ದರು.

ಈ ಎರಡು ದುರಂತ ಆದ ಮೇಲೆ ಕೆಲಸಗಾರರನ್ನೇ ಕೇಳಬೇಕು ಅನ್ನುವ ಮಾತು ಜೋರಾಯಿತು. ಸರಿಯಾದ ಮಾತೇ. ಆದರೆ ಹೇಗೆ ಕೇಳುವುದು?

ಬಹಳಷ್ಟು ಕಾರ್ಖಾನೆಗಳಲ್ಲಿ ಒಂದು ಸಲಹಾ ಪೆಟ್ಟಿಗೆ ಇರುತ್ತದೆ. ನಾನಿದ್ದ ಕಡೆ ಅದು ಎಚ್.ಆರ್. ಬಾಗಿಲ ಪಕ್ಕ, ಸಿಸಿ ಕ್ಯಾಮೆರಾದ ಕೆಳಗೆ. ಬೀಗದ ಕೈ ಎಚ್.ಆರ್. ಹತ್ತಿರ. ಚೀಟಿ ಬರೆಯಲು ಪೆನ್ನು ಒಳಗೆ ತರುವಂತಿಲ್ಲ. ತಿಂಗಳ ಕೊನೆಗೆ ಪೆಟ್ಟಿಗೆ ತೆಗೆದು, ಯಾರಿಗೂ ಯಾವ ದೂರೂ ಇಲ್ಲ ಅಂತ ಬುಕ್ಕಿನಲ್ಲಿ ಬರೆಯುತ್ತಿದ್ದರು. ಖಾಲಿ ಪೆಟ್ಟಿಗೆ ಅಂದರೆ ತೊಂದರೆ ಇಲ್ಲ ಅಂತಲ್ಲ. ಪೆಟ್ಟಿಗೆಯ ಮೇಲೆ ನಂಬಿಕೆ ಇಲ್ಲ ಅಂತ.

ಆಮೇಲೆ ಫೋನ್ ಬಂತು. ಭಾನುವಾರ ಒಂದು ಕಾಲ್ ಬರುತ್ತದೆ, ರೆಕಾರ್ಡ್ ಮಾಡಿದ ದನಿ ಪ್ರಶ್ನೆ ಕೇಳುತ್ತದೆ, ಹೌದು ಅನ್ನುವುದಕ್ಕೆ ಒಂದು ಒತ್ತಿ, ಇಲ್ಲ ಅನ್ನುವುದಕ್ಕೆ ಎರಡು ಒತ್ತಿ. ಓದು ಬರಹ ಬಾರದವರಿಗೂ ಆಗುತ್ತದೆ, ಕಾರ್ಖಾನೆಯ ಹೊರಗಡೆ ಆಗುತ್ತದೆ, ಒಂದೇ ಸಲಕ್ಕೆ ಸಾವಿರ ಜನರನ್ನು ಕೇಳಬಹುದು. ಹದಿನೈದು ಜನರ ಪಟ್ಟಿಗೆ ಹೋಲಿಸಿದರೆ ಎಷ್ಟೋ ವಾಸಿ. ಆದರೆ ಅಲ್ಲೂ ಗಂಟುಗಳಿವೆ. ಫೋನು ಗಂಡನ ಹತ್ತಿರ ಇರುತ್ತದೆ. ಹಾಸ್ಟೆಲಿನಲ್ಲಿ ಒಂದು ರೂಮಿಗೆ ಎಂಟು ಜನ, ವಾರ್ಡನ್ ಬಾಗಿಲಲ್ಲಿ. ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗಿಗೆ ಕನ್ನಡದ ಪ್ರಶ್ನೆ ಅರ್ಥ ಆಗದೆ ಸುಮ್ನೆ ಒಂದು ಒತ್ತುತ್ತಾಳೆ. ಆಡಿಟ್‌ನವರ ಕಂಪ್ಯೂಟರಿನಲ್ಲಿ ಅದು 'ಹೌದು, ಎಲ್ಲ ಚೆನ್ನಾಗಿದೆ' ಅಂತ ದಾಖಲಾಗುತ್ತದೆ. ಆದ್ದರಿಂದ ನಾವು ಮೊದಲು ಕೇಳುವ ಪ್ರಶ್ನೆ ಒಂದೇ: ಈಗ ಮಾತಾಡಬಹುದಾ, ಪಕ್ಕದಲ್ಲಿ ಯಾರಾದರೂ ಇದ್ದಾರಾ? ಇದ್ದಾರೆ ಅಂದರೆ ಹವಾಮಾನದ ಮಾತಾಡಿ ಫೋನ್ ಇಡುತ್ತೇವೆ.

ಇನ್ನು ಏನು ಕೇಳಬೇಕು ಅನ್ನುವುದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ನನ್ನ ಕೆಲಸದ ಜೀವ ಇರುವುದು ಇಲ್ಲಿ. ನಾನು ಶುರು ಮಾಡಿದಾಗ ಕೊಟ್ಟ ಹಾಳೆಯಲ್ಲಿ ಒಂದು ಪ್ರಶ್ನೆ ಹೀಗಿತ್ತು: "ನಿಮ್ಮ ಕಾರ್ಖಾನೆಯಲ್ಲಿ ಶೌಚಾಲಯದ ವ್ಯವಸ್ಥೆ ತೃಪ್ತಿಕರವಾಗಿದೆಯೇ?" ನೂರಕ್ಕೆ ತೊಂಬತ್ತು ಜನ ಹೌದು ಅನ್ನುತ್ತಿದ್ದರು. ಸುಳ್ಳೂ ಅಲ್ಲ. ಬಾತ್‌ರೂಮ್ ಇದೆ, ಬಾಗಿಲಿದೆ, ನೀರಿದೆ. ನಾನು ಅದೇ ಬಾತ್‌ರೂಮಿನ ಮುಂದೆ ಹನ್ನೊಂದು ವರ್ಷ ಕೆಲಸ ಮಾಡಿದವಳು. ತೊಂದರೆ ಬಾತ್‌ರೂಮಿನದಲ್ಲ ಅಂತ ನನಗೆ ಗೊತ್ತಿತ್ತು.

ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇರುತ್ತದೆ. ಬೋರ್ಡಿನಲ್ಲಿ ಬರೆದಿರುತ್ತಾರೆ. ನೀವು ಎದ್ದು ಹೋದರೆ ನಿಮ್ಮ ಮುಂದೆ ಬಂಡಲ್ ಕಟ್ಟಿಕೊಳ್ಳುತ್ತದೆ, ನಿಮ್ಮ ಮುಂದಿನವಳು ಪೀಸ್ ಇಲ್ಲದೆ ಕೂರುತ್ತಾಳೆ, ಸೂಪರ್‌ವೈಸರ್ ಎಲ್ಲರ ಮುಂದೆ ಕೂಗುತ್ತಾನೆ. ಹಾಗಾಗಿ ಹುಡುಗಿಯರು ಏನು ಮಾಡುತ್ತಾರೆ ಗೊತ್ತಾ? ನೀರು ಕುಡಿಯುವುದನ್ನೇ ಬಿಡುತ್ತಾರೆ. ಬೆಳಗ್ಗೆ ಮನೆಯಿಂದ ಒಂದು ಲೀಟರ್ ಬಾಟಲಿ ತರುತ್ತಾರೆ. ಮೆಷಿನ್ ಕಾಲಿನ ಪಕ್ಕ ಇಟ್ಟಿರುತ್ತಾರೆ. ಸಂಜೆ ಬಸ್ಸಿನಲ್ಲಿ ಆ ಬಾಟಲಿ ಮುಕ್ಕಾಲು ತುಂಬಿರುತ್ತದೆ. ನಾನೇ ಹಾಗೆ ತಂದು, ಮನೆಯ ಮುಂದಿನ ತುಳಸಿ ಗಿಡಕ್ಕೆ ಹಾಕುತ್ತಿದ್ದೆ. ಉರಿ ಮೂತ್ರ ಆಗಿ ಇ.ಎಸ್.ಐ. ಆಸ್ಪತ್ರೆಗೆ ಹೋದರೆ ಡಾಕ್ಟರು, "ನೀರು ಜಾಸ್ತಿ ಕುಡೀಬೇಕಮ್ಮ" ಅನ್ನುತ್ತಿದ್ದರು.

ಆ ಪ್ರಶ್ನೆ ತೆಗೆದು ಹಾಕಿ ಅಂತ ಕೇಳಿಕೊಂಡೆ. ಅದರ ಬದಲು ಎರಡು ಪ್ರಶ್ನೆ ಹಾಕಿದೆವು. ಇವತ್ತು ಎಷ್ಟು ನೀರು ಕುಡಿದ್ರಿ? ಗೇಟಿನ ಒಳಗೆ ಬಂದ ಮೇಲೆ ಎಷ್ಟು ಸಲ ಬಾತ್‌ರೂಮಿಗೆ ಹೋದ್ರಿ? ಇಷ್ಟೇ. ಇದಕ್ಕೆ ಉತ್ತರ ಹೇಳಲು ಯಾರನ್ನೂ ದೂರಬೇಕಾಗಿಲ್ಲ. ಹೆದರಬೇಕಾಗಿಲ್ಲ. 'ಅರ್ಧ ಬಾಟಲಿ, ಒಂದೇ ಸಲ' ಅಂತ ಒಂದು ಯೂನಿಟ್ಟಿನಿಂದ ಸಾಲು ಸಾಲು ಉತ್ತರ ಬಂದರೆ, ಅಲ್ಲಿ ಟಾರ್ಗೆಟ್ ಹೇಗಿದೆ, ಸೂಪರ್‌ವೈಸರ್ ಹೇಗಿದ್ದಾನೆ ಎಲ್ಲ ತಾನಾಗಿ ಗೊತ್ತಾಗುತ್ತದೆ. ಮೈಕಿನಲ್ಲಿ ಹೇಳಿಕೊಟ್ಟ ಪಾಠದಲ್ಲಿ ಈ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಹಾಗೇನೆ 'ಸಂಬಳ ಸರಿಯಾಗಿ ಬರುತ್ತಾ' ಅಂತ ಕೇಳಬಾರದು. ಸಂಬಳದ ಚೀಟಿ ತೆಗೆದು ಓದಿ ಅನ್ನಬೇಕು. 2020ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಕನಿಷ್ಠ ವೇತನದ ಜೊತೆ ಕೊಡಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ, ಬಹಳಷ್ಟು ಗಾರ್ಮೆಂಟ್ಸ್‌ಗಳಲ್ಲಿ ಬರಲೇ ಇಲ್ಲ. ಒಂದು ಕಾರ್ಖಾನೆ, ಎರಡು ಕಾರ್ಖಾನೆ ಅಲ್ಲ. 4 ಲಕ್ಷ ಕೆಲಸಗಾರರ ದುಡ್ಡು. ಯೂನಿಯನ್‌ನವರು ಹೈಕೋರ್ಟಿನವರೆಗೂ ಹೋಗಿ ಹೋರಾಡಬೇಕಾಯಿತು. ಕೊಡಬೇಕು ಅಂತ ಕೋರ್ಟ್ ಹೇಳಿದ ಮೇಲೂ ಬಾಕಿ ಕೈಗೆ ಬರಲು ತಿಂಗಳುಗಳೇ ಹಿಡಿದವು. ಆ ಕಾಲದಲ್ಲಿ ಸಂಬಳ ಸರಿಯಾಗಿ ಬರುತ್ತಾ ಅಂತ ಕೇಳಿದ್ದರೆ, ಏಳನೇ ತಾರೀಖಿಗೆ ಬ್ಯಾಂಕಿಗೆ ಬಿದ್ದಿರುತ್ತಲ್ಲ, ಹೌದು ಅನ್ನುತ್ತಿದ್ದರು. ಇಲ್ಲದೇ ಇರುವ ಸಾಲು ಕಾಣಬೇಕಾದರೆ ಚೀಟಿ ಕೈಯಲ್ಲಿರಬೇಕು.

ಆದರೆ ಕೆಲವು ವಿಷಯಕ್ಕೆ ನೀರಿನ ಬಾಟಲಿಯಂಥ ಸುತ್ತು ದಾರಿ ಇಲ್ಲ. ಕೈ ಮಾಡುವುದು, ಮೈ ಮುಟ್ಟುವುದು, ಕೆಟ್ಟದಾಗಿ ಕರೆಯುವುದು. ಇದನ್ನು ಹೇಳುವುದೇ ಕಷ್ಟ. ಹೇಳಿದ್ದು ಗೊತ್ತಾದರೆ ಇನ್ನೂ ಕಷ್ಟ. ಅದಕ್ಕೇ ಆಗಲೇ ನಿಮ್ಮೆಲ್ಲರ ಕೈಗೆ ಒಂದೊಂದು ನಾಣ್ಯ ಕೊಟ್ಟದ್ದು.

ನಾವು ಆಡಿದ ಆಟ ನೆನಪಿಸಿಕೊಳ್ಳಿ. ಪಕ್ಕದವರಿಗೆ ತೋರಿಸದೆ ನಾಣ್ಯ ಚಿಮ್ಮಿದಿರಿ. ಸಿಂಹ ಬಿದ್ದರೆ ಏನೂ ಯೋಚಿಸದೆ ಕೈ ಎತ್ತಬೇಕು. ಅಂಕಿ ಬಿದ್ದವರು ಮಾತ್ರ ನಿಜ ಹೇಳಬೇಕು. ಪ್ರಶ್ನೆ: ಈ ವಾರ ಮನೆಯಲ್ಲಿ ಅತ್ತೆ ಮೇಲೋ ಸೊಸೆ ಮೇಲೋ ರೇಗಿದ್ರಾ? ಕೈಗಳು ಎದ್ದವು, ಎಲ್ಲರೂ ನಕ್ಕರು, ಮುಂದೆ ಕೂತಿರುವ ಅಜ್ಜಿ ಎರಡೂ ಕೈ ಎತ್ತಿದರು. ಯಾರ ಅತ್ತೆಯೂ ಯಾರನ್ನೂ ಏನೂ ಕೇಳುವ ಹಾಗಿಲ್ಲ. ನನಗೆ ಸಿಂಹ ಬಿತ್ತು ಅಂದರೆ ಮುಗಿಯಿತು. ಆದರೆ ಒಟ್ಟು ಲೆಕ್ಕ ನೋಡಿ. 60 ಜನ ಇದ್ದು 45 ಕೈ ಎದ್ದಿವೆ ಅಂತಿಟ್ಟುಕೊಳ್ಳಿ. ಸುಮಾರು 30 ಕೈ ಸಿಂಹದ್ದು. ಉಳಿದ 30 ಜನರಲ್ಲಿ 15 ಕೈ ನಿಜದ್ದು. ಅಂದರೆ ಅರ್ಧದಷ್ಟು ಜನ ರೇಗಿದ್ದಾರೆ. ಯಾರು ಅಂತ ಗೊತ್ತಿಲ್ಲ, ಎಷ್ಟು ಅಂತ ಗೊತ್ತಾಯಿತು.

ಬಾಂಗ್ಲಾದೇಶದ ಒಂದು ದೊಡ್ಡ ಗಾರ್ಮೆಂಟ್ಸ್ ಕಂಪನಿಯಲ್ಲಿ ಅರ್ಥಶಾಸ್ತ್ರದವರು ಇದೇ ಜಾತಿಯ ಒಂದು ಉಪಾಯ ಮಾಡಿ ನೋಡಿದರು. ಅಲ್ಲಿ ನಾಣ್ಯ ಇಲ್ಲ, ಕೆಲಸಗಾರರು ಫೋನಿನಲ್ಲಿ ಉತ್ತರ ಹೇಳುತ್ತಾರೆ. 'ಇಲ್ಲ' ಅಂದವರಲ್ಲಿ ಕೆಲವರ ಉತ್ತರವನ್ನು ಕಂಪ್ಯೂಟರೇ 'ಹೌದು' ಅಂತ ಬದಲಾಯಿಸಿ ಬರೆದುಕೊಳ್ಳುತ್ತದೆ. ಹೀಗೆ ಮಾಡುತ್ತೇವೆ ಅಂತ ಮೊದಲೇ ಎಲ್ಲರಿಗೂ ಹೇಳಿರುತ್ತಾರೆ. ಆಗ ಪಟ್ಟಿಯಲ್ಲಿ ನಿನ್ನ ಮುಂದೆ 'ಹೌದು' ಅಂತಿದ್ದರೂ ಅದನ್ನು ಹೇಳಿದ್ದು ನೀನೇ ಅಂತ ಯಾರೂ ಆಣೆ ಮಾಡಿ ಹೇಳಲಾಗದು. ನೇರವಾಗಿ ಕೇಳಿದಾಗ ಸೂಪರ್‌ವೈಸರ್ ಹೊಡೆಯುವುದೋ ತಳ್ಳುವುದೋ ಮಾಡಿದ್ದಾನೆ ಅಂದವರು ನೂರಕ್ಕೆ ಒಬ್ಬಿಬ್ಬರು. ಈ ದಾರಿಯಲ್ಲಿ ಕೇಳಿದಾಗ ಅದು ಸುಮಾರು ನಾಲ್ಕು ಪಟ್ಟಾಯಿತು. ಲೈಂಗಿಕ ಕಿರುಕುಳದ್ದೂ ಹೆಚ್ಚುಕಡಿಮೆ ಅಷ್ಟೇ. ಗದರಿಸುವುದು, ಬೆದರಿಸುವುದು ಮಾತ್ರ ಅಷ್ಟೊಂದು ಏರಲಿಲ್ಲ, ಒಂದೂವರೆ ಪಟ್ಟಿಗೂ ಕಡಿಮೆ. ಯಾಕಿರಬಹುದು? ಬೈಸಿಕೊಂಡೆ ಅಂತ ಹೇಳಲು ಯಾರಿಗೂ ಅಷ್ಟು ಸಂಕೋಚ ಇಲ್ಲ. ಗಾರ್ಮೆಂಟ್ಸ್‌ನಲ್ಲಿ ಬೈಗುಳ ದಿನದ ಊಟದ ಹಾಗೆ. ಬಾಯಿ ಕಟ್ಟಿದ್ದು ಇನ್ನೆರಡಕ್ಕೆ.

ಈಗ ನನ್ನಿಂದಾದ ಒಂದು ತಪ್ಪು ಹೇಳಬೇಕು. ಇದನ್ನು ಹೇಳದೆ ಈ ಮಾತು ಪೂರ್ತಿ ಆಗುವುದಿಲ್ಲ.

ಕೆಲವು ವರ್ಷದ ಹಿಂದೆ ಒಂದು ಕಾರ್ಖಾನೆಯ ವರದಿ ಬರೆದೆ. ಯಾರ ಹೆಸರೂ ಹಾಕಿರಲಿಲ್ಲ. ನಂಬರ್ ಹಾಕಿರಲಿಲ್ಲ. ಒಂದು ಸಾಲು ಹೀಗಿತ್ತು: 'ಎರಡನೇ ಮಹಡಿ, ಏಳನೇ ಬ್ಯಾಚ್, ಚೆಕಿಂಗ್ ಟೇಬಲ್. ಬಸುರಿಯರನ್ನು ದಿನವಿಡೀ ನಿಲ್ಲಿಸಿ ಕೆಲಸ ಮಾಡಿಸುತ್ತಾರೆ.' ವರದಿ ಬಯರ್‌ಗೆ ಹೋಯಿತು, ಅಲ್ಲಿಂದ ಕಾರ್ಖಾನೆಗೆ ಬಂತು. ಏಳನೇ ಬ್ಯಾಚಿನ ಚೆಕಿಂಗ್‌ನಲ್ಲಿ ಆಗ ಬಸುರಿ ಇದ್ದದ್ದು ಒಬ್ಬಳೇ. ನಮ್ಮ ಸೋಮವಾರಪೇಟೆ ಕಡೆಯ ಹುಡುಗಿ. ಫ್ಲೋರ್ ಇನ್‌ಚಾರ್ಜ್ ಕರೆದು, "ನೀನೇನಾ ಹೇಳಿದ್ದು?" ಅಂತ ಕೇಳಿದನಂತೆ. ಅವಳು ಹೇಳಿರಲಿಲ್ಲ. ನಮಗೆ ಹೇಳಿದವಳು ಅವಳ ಪಕ್ಕದ ಟೇಬಲ್ಲಿನವಳು, ಇವಳ ಕಷ್ಟ ನೋಡಲಾಗದೆ. ಹನ್ನೆರಡು ದಿನದಲ್ಲಿ ಇವಳು ಕೆಲಸ ಬಿಟ್ಟಳು. ಹೆರಿಗೆ ರಜೆಗೆ, ಆ ಸಂಬಳಕ್ಕೆ ಇನ್ನೆರಡು ತಿಂಗಳಿತ್ತು.

ಅವಳ ರೂಮಿಗೆ ಹೋಗಿದ್ದೆ. ಶೀಟಿನ ಮನೆ. ಬಾಗಿಲ ಹತ್ತಿರ ಊರಿಂದ ತಂದ ಕಾಫಿ ಪುಡಿಯ ಡಬ್ಬ. ನನಗೆ ಕಾಫಿ ಮಾಡಿ ಕೊಟ್ಟಳು. ಬೈಯಲಿಲ್ಲ. "ಅಕ್ಕಾ, ಬರೆಯೋ ಮುಂಚೆ ನನ್ನನ್ನ ಒಂದು ಮಾತು ಕೇಳಬಹುದಿತ್ತು" ಅಂದಳು. ಅಷ್ಟೇ ಅಂದದ್ದು.

ಅಂದಿನಿಂದ ನಾವು ಹತ್ತು ಜನರಿಗಿಂತ ಕಡಿಮೆ ಇರುವ ಗುಂಪಿನ ಉತ್ತರವನ್ನು ಬೇರೆಯಾಗಿ ಬರೆಯುವುದಿಲ್ಲ. ಮಹಡಿ, ಬ್ಯಾಚ್, ಕೆಲಸ, ವಯಸ್ಸು ಇವನ್ನು ಒಂದೇ ಸಾಲಿನಲ್ಲಿ ಸೇರಿಸುವುದಿಲ್ಲ, ಯಾಕೆಂದರೆ ಹೆಸರಿಲ್ಲದಿದ್ದರೂ ಇವು ನಾಲ್ಕು ಸೇರಿದರೆ ಒಬ್ಬಳ ಮುಖ ಬರುತ್ತದೆ. ದೂರು ಬಂದ ಮಾರನೇ ದಿನವೇ ಕಾರ್ಖಾನೆಗೆ ಫೋನ್ ಮಾಡುವುದಿಲ್ಲ. ಬೆಂಕಿ, ಬೀಗ, ಮೈಮುಟ್ಟುವಂಥ ತುರ್ತು ವಿಷಯ ಬೇರೆ. ಆದರೆ ಆಗಲೂ ಹೇಳಿದವಳನ್ನೇ ಮೊದಲು ಕೇಳುತ್ತೇವೆ: ಇದನ್ನು ಯಾರಿಗೆ ಹೇಳಲಿ, ಹೇಗೆ ಹೇಳಲಿ, ಯಾರಿಗೆ ಹೇಳಬಾರದು. ಅವಳು ಬೇಡ ಅಂದರೆ ಬೇಡ. ಇದಕ್ಕೆ ನಮ್ಮ ಜೊತೆಗೆ ಕೆಲಸ ಮಾಡುವವರೇ ಕೆಲವರು ಒಪ್ಪುವುದಿಲ್ಲ. ಗೊತ್ತಿದ್ದೂ ಸುಮ್ಮನಿರುವುದು ತಪ್ಪಲ್ವಾ ಅಂತಾರೆ. ಇರಬಹುದು. ಆದರೆ ಆ ಶೀಟಿನ ಮನೆಗೆ ಹೋಗಿ ಬಂದವಳು ನಾನು.

ಕೇಳಿದ ಮೇಲೆ ಏನು ಮಾಡುತ್ತಾರೆ ಅನ್ನುವುದು ಇನ್ನೊಂದು ಮಾತು. ನಮ್ಮ ದೇಶದ ಗಾರ್ಮೆಂಟ್ಸ್‌ಗಳಲ್ಲೇ ಒಂದು ಅಧ್ಯಯನ ಆಯಿತು. ಸಂಬಳ ಏರಿದ ಸಮಯ, ಆದರೆ ಏರಿದ್ದು ಎಲ್ಲರೂ ಅಂದುಕೊಂಡದ್ದಕ್ಕಿಂತ ಕಡಿಮೆ. ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ, ಸಂಬಳ ಸಾಕಾ ಅಂತ ಕೇಳಿ ಬರೆದುಕೊಂಡರು. ಉಳಿದವರನ್ನು ಕೇಳಲಿಲ್ಲ. ಹೀಗೆ ಮಾತು ಹೇಳಲು ಅವಕಾಶ ಸಿಕ್ಕವರಲ್ಲಿ ಕೆಲಸ ಬಿಟ್ಟವರು ಉಳಿದವರಿಗಿಂತ ಸುಮಾರು ಐದನೇ ಒಂದು ಪಾಲು ಕಡಿಮೆ. ಬರೀ ಕೇಳಿದ್ದಕ್ಕೇ! ನಮ್ಮ ಮಾತಿಗೆ ಒಬ್ಬರು ಕಿವಿ ಕೊಟ್ಟರು ಅನ್ನುವುದಕ್ಕೆ ಅಷ್ಟು ಬೆಲೆ ಇದೆ. ಇದನ್ನು ಓದಿದಾಗ ನನಗೆ ಖುಷಿಯೂ ಆಯಿತು, ಭಯವೂ ಆಯಿತು. ಕೇಳಿ, ಬರೆದುಕೊಂಡು, ಏನನ್ನೂ ಸರಿ ಮಾಡದೆ ಹುಡುಗಿಯರನ್ನು ಇನ್ನೊಂದು ವರ್ಷ ಕೂರಿಸಿಕೊಳ್ಳಬಹುದಲ್ಲ ಅಂತ.

ಹಾಗೆ ಕೂರಿಸಿದರೂ ಅದು ಎಷ್ಟು ದಿನ? ಕಿವಿ ಇಲ್ಲದ ಕಡೆ ಮಾತು ಬೀದಿಗೆ ಬರುತ್ತದೆ. 2016ರ ಏಪ್ರಿಲ್ 18, 19 ನಿಮಗೆ ನೆನಪಿರಬೇಕು. ಪಿ.ಎಫ್.ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೂ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಯಾವ ನಾಯಕರೂ ಕರೆ ಕೊಟ್ಟಿರಲಿಲ್ಲ. ಗಾರ್ಮೆಂಟ್ಸ್‌ನವರಿಗೆ ಪಿ.ಎಫ್. ಅಂದರೆ ಮುಪ್ಪಿನ ದುಡ್ಡಲ್ಲ, ಮಗನ ಫೀಸು, ಮಗಳ ಮದುವೆ, ಊರಲ್ಲಿ ಮನೆಗೆ ಹಂಚು. ಇಪ್ಪತ್ತು ಜನರನ್ನು ಕೂರಿಸಿ ಕೇಳಿದ್ದರೂ ಇದು ಗೊತ್ತಾಗುತ್ತಿತ್ತು. ಎರಡನೇ ದಿನ ಸಂಜೆ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು.

ಕೇಳಿದ್ದಕ್ಕೆ ಬೆನ್ನೆಲುಬು ಕೊಟ್ಟ ಉದಾಹರಣೆಯೂ ಇದೆ. ತಮಿಳುನಾಡಿನ ದಿಂಡಿಗಲ್ ಜಿಲ್ಲೆ. 2021ರಲ್ಲಿ ಅಲ್ಲಿ ಒಬ್ಬ ದಲಿತ ಹುಡುಗಿಯನ್ನು ಅವಳ ಸೂಪರ್‌ವೈಸರೇ ಕೊಂದ. ಆಮೇಲೆ ಹೆಂಗಸರೇ ನಡೆಸುವ ಯೂನಿಯನ್, ಕಾರ್ಖಾನೆಯ ಕಂಪನಿ, ಬಯರ್ ಎಲ್ಲ ಸೇರಿ 2022ರಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಅದಕ್ಕೆ ದಿಂಡಿಗಲ್ ಒಪ್ಪಂದ ಅಂತಲೇ ಹೆಸರು. ಕೆಲಸಗಾರರಲ್ಲೇ ಕೆಲವರಿಗೆ ತರಬೇತಿ ಕೊಟ್ಟು ಫ್ಲೋರಿನಲ್ಲಿ ಕಣ್ಣಿಡಲು ನೇಮಿಸಿದರು. ದೂರು ಹೇಳಿದವರ ಮೇಲೆ ಸೇಡು ತೀರಿಸಿಕೊಳ್ಳುವಂತಿಲ್ಲ. ಕಾರ್ಖಾನೆ ಒಪ್ಪಂದ ಮುರಿದರೆ ಬಯರ್ ವ್ಯಾಪಾರದಲ್ಲಿ ಅದಕ್ಕೆ ಬಿಸಿ ಮುಟ್ಟಿಸಬೇಕು. ಮೊದಲ ವರ್ಷದಲ್ಲೇ ನೂರೈವತ್ತಕ್ಕೂ ಹೆಚ್ಚು ದೂರು ಬಂದವು, ಬಹುಪಾಲು ಬೇಗ ಇತ್ಯರ್ಥ ಆದವು. ಕೆಲವರು ಅಯ್ಯೋ ಇಷ್ಟೊಂದು ದೂರಾ ಅಂದರು. ನನಗೆ ಅನ್ನಿಸಿದ್ದು ಅಲ್ಲಿ ಬಾಯಿ ಬಿಡಬಹುದು ಅಂತ ಹುಡುಗಿಯರಿಗೆ ಗೊತ್ತಾಗಿದೆ ಅಂತ. ನಮ್ಮ ಸಲಹಾ ಪೆಟ್ಟಿಗೆ ಹನ್ನೊಂದು ವರ್ಷ ಖಾಲಿ ಇತ್ತು.

ಕಾನೂನಿನದ್ದು ಎರಡೇ ಮಾತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಹೆಂಗಸೇ ಅಧ್ಯಕ್ಷೆ, ಹೊರಗಿನವರೊಬ್ಬರು ಸದಸ್ಯರು. ದೂರನ್ನು ಮೂರು ತಿಂಗಳೊಳಗೆ ಕೊಡಬೇಕು. ಅಂಥ ಸಮಿತಿ ಇಲ್ಲದ ಸಣ್ಣ ಜಾಗದವರಿಗೆ, ಮಾಲೀಕನ ಮೇಲೇ ದೂರು ಇರುವವರಿಗೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರುತ್ತದೆ. ಇದು ತೋಟದ ಕೆಲಸಕ್ಕೆ ಹೋಗುವ ನಿಮಗೂ ಅನ್ವಯ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಕುಂದುಕೊರತೆ ಸಮಿತಿ ಬೇಕು, ಅದರಲ್ಲಿ ಕೆಲಸಗಾರರ ಕಡೆಯವರೂ ಇರಬೇಕು. ಸದಸ್ಯರ ಹೆಸರು ಗೋಡೆಯ ಮೇಲೆ ಇರುತ್ತದೆ. ಆ ಹೆಸರಿನವರು ಯಾರು ಅಂತ ನಿಮ್ಮ ಮಗಳಿಗೆ ಗೊತ್ತಾ ಅಂತ ಕೇಳಿ ನೋಡಿ.

ಹಿಂದಿನ ಸಾಲಿನಲ್ಲಿ ಕೂತಿರುವ ಅಕ್ಕ ಒಬ್ಬರು ಚೀಟಿ ಕಳಿಸಿದ್ದಾರೆ. "ನನ್ನ ಮಗಳು ಗಾರ್ಮೆಂಟ್ಸ್‌ಗೆ ಹೋಗಿ ಎರಡು ವರ್ಷ ಆಯ್ತು. ಯಾವಾಗ ಫೋನ್ ಮಾಡಿದ್ರೂ ಚೆನ್ನಾಗಿದ್ದೀನಿ ಅಂತಾಳೆ. ನಾನೇನು ಕೇಳ್ಲಿ?"

ಅಕ್ಕಾ, ಚೆನ್ನಾಗಿದ್ದೀಯಾ ಅಂತ ಕೇಳಿದರೆ ಚೆನ್ನಾಗಿದ್ದೀನಿ ಅಂತಲೇ ಅನ್ನುತ್ತಾಳೆ. ನಿಮಗೆ ಚಿಂತೆ ಕೊಡಬಾರದು ಅಂತ. ಭಾನುವಾರ ಮಧ್ಯಾಹ್ನ ಫೋನ್ ಮಾಡಿ, ಅವಳು ಬಟ್ಟೆ ಒಗೆದು ಒಬ್ಬಳೇ ಇರುವ ಹೊತ್ತಿಗೆ. ನಿನ್ನೆ ಬಾಟಲಿ ಎಷ್ಟು ಖಾಲಿ ಆಯ್ತು ಅಂತ ಕೇಳಿ. ಎಷ್ಟು ಗಂಟೆಗೆ ರೂಮಿಗೆ ಬಂದೆ, ಬೋರ್ಡಲ್ಲಿ ಎಷ್ಟು ಪೀಸ್ ಬರೆದಿದ್ದರು, ಸಂಬಳದ ಚೀಟಿಯಲ್ಲಿ ಓಟಿ ಅಂತ ಸಾಲು ಇದೆಯಾ ಅಂತ ಕೇಳಿ. ಹುತ್ತರಿ ಹಬ್ಬಕ್ಕೆ ಬಂದಾಗ ಆ ಚೀಟಿಗಳನ್ನೆಲ್ಲ ತರಲು ಹೇಳಿ, ಒಂದು ಡಬ್ಬದಲ್ಲಿ ಹಾಕಿಡಿ. ಅವಳು ಏನಾದರೂ ಹೇಳಿದರೆ ತಕ್ಷಣ ಕಾರ್ಖಾನೆಗೆ ಫೋನ್ ಮಾಡಿ ಜಗಳಕ್ಕೆ ಹೋಗಬೇಡಿ. ಕೆಲಸ ಬಿಟ್ಟು ಬಾ ಅಂತಲೂ ಅನ್ನಬೇಡಿ. ಹಾಗಂದರೆ ಮುಂದಿನ ವಾರದಿಂದ ಮತ್ತೆ ಚೆನ್ನಾಗಿದ್ದೀನಿ ಶುರುವಾಗುತ್ತದೆ. ಪೂರ್ತಿ ಕೇಳಿಸಿಕೊಂಡು, "ಇದನ್ನ ಯಾರಿಗಾದ್ರೂ ಹೇಳ್ಬೇಕಾ ಮಗಳೇ, ನನ್ನ ಹತ್ರಾನೇ ಇಟ್ಕೊಳ್ಲಾ?" ಅಂತ ಅವಳನ್ನೇ ಕೇಳಿ. ಹೇಳಬೇಕು ಅಂದರೆ ನನ್ನ ನಂಬರ್ ಸಂಘದವರ ಹತ್ತಿರ ಇದೆ. ನಾನು ಮೊದಲು ಅವಳ ಜೊತೆ ಮಾತಾಡುತ್ತೇನೆ.